ನೇರಿಯೊ ಬೊಸ್ಕಾನನಿಗೆ ಹತ್ತಿದ ಪಾವಾ

ನೇರಿಯೊ ಬೊಸ್ಕಾನ್ ಜನವರಿಯ ಒಂದು ಭಾನುವಾರ, ಇಳಿಹೊತ್ತಿನಲ್ಲಿ, ಮರಕೈಬೊ ಊರಿನ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಕೂತಲ್ಲೇ ತೀರಿಕೊಂಡ. ಆಟ ಮುಗಿದಿತ್ತು. ಊರಿನ ತಂಡ ಸೋತಿತ್ತು. ಜನ ಕರಗಲಿ ಎಂದು ಅವನು ಕುರ್ಚಿ ಬಿಟ್ಟು ಏಳದೆ ಕೂತಿದ್ದ. ಗೆಳೆಯ ಒವೆಲಿಯೊ ಮೆಟ್ಟಿಲಿಳಿದು ಹೋಗಿ, ಕಾರನ್ನು ಬಾಗಿಲ ಬಳಿ ತಂದು ನಿಲ್ಲಿಸಿ, ಮತ್ತೆ ಮೇಲೆ ಬಂದಾಗ ನೇರಿಯೊನ ಗದ್ದ ಎದೆಗೆ ತಾಗಿತ್ತು. ಮಡಿಲ ತುಂಬ ಕಡಲೆಕಾಯಿ ಸಿಪ್ಪೆ. ಹೃದಯ ನಿಂತಿದೆ ಎಂದರು ಡಾಕ್ಟರು. ಅವನಿಗೆ ಅರವತ್ತೊಂಬತ್ತು ವರ್ಷ.

ಸುದ್ದಿಯನ್ನು ಮನೆಗೆ ಮುಟ್ಟಿಸಿದವನೂ ಒವೆಲಿಯೊನೇ. ನೇರಿಯೊನ ಹೆಂಡತಿ ಎಗ್ದಾ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು:

"ಒಳಗೇ ಇದ್ನಾ?"

"ಒಳಗೇ ಇದ್ದ."

"ಸೋತ ಮೇಲಾ?"

"ಸೋತ ಮೇಲೆ."

ಎಗ್ದಾ ಶಿಲುಬೆಯ ಗುರುತು ಮಾಡಿಕೊಂಡು, "ಸದ್ಯ," ಎಂದಳು. ಆಮೇಲೆ ಅಳತೊಡಗಿದಳು.

ಗಂಡ ಸತ್ತನೆಂದು ಕೇಳಿ ಸದ್ಯ ಎಂದ ಹೆಂಗಸನ್ನು ಹೊರಗಿನವರು ತಪ್ಪು ತಿಳಿಯಬಹುದು. ನೇರಿಯೊನ ಬದುಕು ಗೊತ್ತಿದ್ದವರಾರೂ ಹಾಗೆ ತಿಳಿಯಲಿಲ್ಲ. ಅವರೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದರು.

ನೇರಿಯೊ ಬೆಲ್ಯಾ ವಿಸ್ತಾ ರಸ್ತೆಯ ಉದ್ದಕ್ಕೂ ಶೇರ್ ಟ್ಯಾಕ್ಸಿ ಓಡಿಸುತ್ತಿದ್ದವನು. ಹಡಗಿನಷ್ಟು ಉದ್ದದ ಹಳೆಯ ಅಮೆರಿಕನ್ ಕಾರು. ಹಿಂದಿನ ಎಡಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಹುಟ್ಟಿದ್ದು ಸಾಂತಾ ಲುಸೀಯಾ ಕೇರಿಯಲ್ಲಿ. ಅಲ್ಲಿನ ಮಕ್ಕಳಿಗೆ ಚೆಂಡು ಬ್ಯಾಟು ಎಲ್ಲಿಂದ ಬರಬೇಕು? ಸೋಡಾ ಬಾಟಲಿಯ ಮುಚ್ಚಳವೇ ಚೆಂಡು, ಪೊರಕೆಯ ಕೋಲೇ ಬ್ಯಾಟು. ಆ ಮುಚ್ಚಳ ಗಾಳಿಯಲ್ಲಿ ಹಾವಿನ ಹಾಗೆ ಓಲಾಡುತ್ತ ಬರುತ್ತದೆ. ಅದನ್ನು ಹೊಡೆಯುವುದು ಎಷ್ಟು ಕಷ್ಟವೋ ಹಿಡಿಯುವುದು ಅದಕ್ಕಿಂತ ಕಷ್ಟ. ನೇರಿಯೊ ಹಿಡಿಯುತ್ತಿದ್ದ. ಎರಡನೆಯ ಬೇಸಿಗೂ ಮೂರನೆಯ ಬೇಸಿಗೂ ನಡುವೆ ನಿಲ್ಲುವ ಆಳಿಗೆ ಶಾರ್ಟ್‌ಸ್ಟಾಪ್ ಎನ್ನುತ್ತಾರೆ. ಕೇರಿಯ ಮಟ್ಟಿಗೆ ಆ ಜಾಗ ಅವನದಾಗಿತ್ತು. ಪಾದ ಚಪ್ಪಟೆ, ಓಡಲು ಆಗುತ್ತಿರಲಿಲ್ಲ. ಆದ್ದರಿಂದ ಆಟ ಕೇರಿಯಲ್ಲೇ ಮುಗಿಯಿತು. ಅದಕ್ಕಾಗಿ ಅವನು ಕೊರಗಿದ್ದನ್ನು ಯಾರೂ ಕಂಡಿಲ್ಲ. "ಆಡೋರು ಒಂಬತ್ತೇ ಜನ ಸಾಕು, ನೋಡೋರು ಸಾವಿರಾರು ಜನ ಬೇಕು. ಕೆಲಸ ಇರೋ ಕಡೆ ನಾನು ಹೋದೆ," ಎನ್ನುತ್ತಿದ್ದ.

ಆ ಕೆಲಸದಲ್ಲಿ ಅವನಿಗೆ ತನ್ನದೇ ರುಚಿಗಳಿದ್ದವು. ಚೆಂಡು ಗೋಡೆ ದಾಟಿ ಹೋದರೆ ಇಡೀ ಕ್ರೀಡಾಂಗಣ ಎದ್ದು ಕುಣಿಯುವಾಗ ನೇರಿಯೊ ಕಡಲೆಕಾಯಿ ಸುಲಿಯುತ್ತ ಕೂತಿರುತ್ತಿದ್ದ. "ಅದರಲ್ಲಿ ನೋಡೋಕೇನಿದೆ? ಚೆಂಡು ಹೊರಗೆ ಹೋಯ್ತು. ಒಳಗಿರೋ ಒಂಬತ್ತು ಜನಾನೂ ಬಾಯಿ ಬಿಟ್ಕೊಂಡು ಆಕಾಶ ನೋಡ್ತಾರೆ. ಅದು ಆಟವಲ್ಲಪ್ಪ, ಗಾಳಿಪಟ." ಅವನಿಗೆ ಬೇಕಾಗಿದ್ದದ್ದು ಬ್ಯಾಟನ್ನು ಬೀಸದೆ ಅಡ್ಡ ಹಿಡಿದು, ಚೆಂಡನ್ನು ಹುಲ್ಲಿನ ಮೇಲೆ ಮೆಲ್ಲಗೆ ಉರುಳಿಸಿಬಿಟ್ಟು, ತಾನು ಔಟಾಗಿ ಇನ್ನೊಬ್ಬನನ್ನು ಮುಂದಿನ ಬೇಸಿಗೆ ದಾಟಿಸುವ ಹೊಡೆತ. ಹಾಗೆ ಔಟಾಗಿ ಬಂದವನು ಬೆಂಚಿಗೆ ಮರಳುವಾಗ ನೇರಿಯೊ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಹಿಂದಿನ ಸಾಲಿನವರು "ಕೂತ್ಕೊಳ್ಳಯ್ಯಾ, ಕಾಣಲ್ಲ" ಎಂದು ಬಯ್ಯುತ್ತಿದ್ದರು.

ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಆರನೆಯದಕ್ಕೆ ಬಂದು ಎಂಟನೆಯದಕ್ಕೆ ಎದ್ದು ಹೋಗುವವರನ್ನು ಕಂಡರೆ ಅವನಿಗಾಗದು. ಎರಡು ಇನ್ನಿಂಗ್ಸ್‌ಗಳ ನಡುವೆ ಕಿವಿ ಕಿತ್ತುಹೋಗುವಂತೆ ಹಾಡು ಹಾಕುವುದೂ ಆಗದು. ಕಡಲೆಕಾಯಿ ಸಿಪ್ಪೆಯ ಸಮೇತ ಇರಬೇಕು. ಮಂದಹಾಲು ಸುರಿದ ಐಸ್ ಪುಡಿಯನ್ನು ಐದನೆಯ ಇನ್ನಿಂಗ್ಸ್ ಮುಗಿಯುವ ಮೊದಲು ಬಾಯಿಗಿಡುವುದಿಲ್ಲ. ಯಾಕೆಂದು ಕೇಳಿದರೆ "ಐದು ಆಗದೆ ಆಟ ಲೆಕ್ಕಕ್ಕಿಲ್ಲ. ಮಳೆ ಬಂದ್ರೆ ರದ್ದಾಗುತ್ತೆ. ರದ್ದಾಗೋ ಆಟಕ್ಕೆ ಐಸ್ ಯಾಕೆ ತಿನ್ಲಿ?" ಎನ್ನುತ್ತಿದ್ದ. ಮರಕೈಬೊದಲ್ಲಿ ಆಟದ ತಿಂಗಳುಗಳಲ್ಲಿ ಮಳೆ ಬರುವುದೇ ಅಪರೂಪ.

ಎಲ್ಲಕ್ಕಿಂತ ಮೇಲೆ ಅವನಿಗೆ ಇಷ್ಟವಾದದ್ದು ಶಾರ್ಟ್‌ಸ್ಟಾಪಿನ ಆಟ. ಮೂರನೆಯ ಬೇಸಿನ ಬದಿಯಲ್ಲಿ, ಕೆಳಗಿನ ಸಾಲುಗಳಲ್ಲಿ, ಶಾರ್ಟ್‌ಸ್ಟಾಪಿನ ಬೆನ್ನು ಕಾಣುವಲ್ಲಿ ಕೂರುತ್ತಿದ್ದ. ಚೆಂಡು ಕೈಗವಸಿಗೆ ಬೀಳುವ ಸದ್ದು ಅಲ್ಲಿಗೆ ಕೇಳುತ್ತದೆ. ಆಮೇಲೆ ಆ ಚೆಂಡು ಮೈದಾನದ ಅಡ್ಡಕ್ಕೆ, ಮೊದಲನೆಯ ಬೇಸಿನತ್ತ, ನೋಡುವವನಿಂದ ದೂರ ದೂರ ಹೋಗುತ್ತ ಚಿಕ್ಕದಾಗುತ್ತದೆ. ಅದನ್ನು ನೋಡಲೆಂದೇ ಹುಟ್ಟಿದ್ದೇನೆ ಎನ್ನುವ ಹಾಗೆ ಕೂತಿರುತ್ತಿದ್ದ.

ಇಂಥವನಿಗೆ ಪಾವಾ ಹತ್ತಿತು.

ಪಾವಾ ಎಂದರೆ ಹೆಣ್ಣು ಟರ್ಕಿ ಕೋಳಿ. ಒಬ್ಬನ ಮೇಲೆ ಪಾವಾ ಕೂತಿದೆ ಎಂದರೆ ಅವನು ಕಾಲಿಟ್ಟ ಕಡೆ ಕೆಟ್ಟದ್ದಾಗುತ್ತದೆ ಎಂದರ್ಥ. ಅಂಥವನನ್ನು ಪಾವೋಸೊ ಎನ್ನುತ್ತಾರೆ. ಕಳ್ಳನೆಂದರೂ ಕುಡುಕನೆಂದರೂ ಈ ಊರಿನವರು ನಕ್ಕು ಸುಮ್ಮನಾದಾರು, ಪಾವೋಸೊ ಎಂದರೆ ಆಗುವುದಿಲ್ಲ.

ಶುರು ಮಾಡಿದವನು ಒವೆಲಿಯೊ. ದಪ್ಪ ಆಸಾಮಿ, ಅವನದು ಮಾಂಸದಂಗಡಿ. ನೇರಿಯೊನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದು ಕರೆಯುತ್ತಿದ್ದರು. ಒಂದು ಸಂಜೆ ಟೈರು ಪಂಕ್ಚರ್ ಆಗಿ ನೇರಿಯೊ ತಡವಾಗಿ ಬಂದ. ಊರಿನ ತಂಡ ನಾಲ್ಕು ರನ್ ಮುಂದಿತ್ತು. ಅವನು ಬಂದು ಕೂತ. ಅಲ್ಲಿಂದ ಒಂದೊಂದಾಗಿ ಕಳೆದುಕೊಂಡು ಸೋತರು. "ಏನ್ ಕೊಂಪಾದ್ರೆ, ಕೋಳೀನೂ ಜೊತೇಲಿ ಕರ್ಕೊಂಡು ಬಂದ್ಯಾ?" ಎಂದು ಒವೆಲಿಯೊ ನಗೆಯಾಡಿದ. ಸಾಲಿನವರೆಲ್ಲ ನಕ್ಕರು, ನೇರಿಯೊನೂ ನಕ್ಕ. ಮುಂದಿನ ವಾರ ಬಸುರಿ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ಬಿಟ್ಟು ಮತ್ತೆ ತಡವಾಗಿ ಬಂದ. ಮತ್ತೆ ಹಾಗೇ ಆಯಿತು. ಈ ಸಲ ನಕ್ಕವರು ಕಡಿಮೆ. ಅದರ ಮುಂದಿನ ಸಲ ಬೇಕೆಂದೇ ಬೇಗ ಬಂದು ಕೂತ. ತಂಡ ಮೊದಲ ಇನ್ನಿಂಗ್ಸಿನಿಂದಲೇ ಸೋಲತೊಡಗಿತು. ಯಾರೂ ನಗಲಿಲ್ಲ. ಪಕ್ಕದವನು ಕೆಡುಕು ತನಗೆ ತಗಲದಿರಲೆಂದು ಕುರ್ಚಿಯ ಮರದ ಕೈಯನ್ನು ಮುಟ್ಟಿಕೊಂಡ.

ಆ ವರ್ಷ ಕಳೆಯುವುದರೊಳಗೆ ಮಾತು ಬೆಲ್ಯಾ ವಿಸ್ತಾದ ಉದ್ದಕ್ಕೂ ಹಬ್ಬಿತ್ತು. ಆಟದ ದಿನ ಅವನ ಕಾರು ಬಂದು ನಿಂತರೆ ಜನ ಹತ್ತದೆ ಮುಂದಿನ ಕಾರಿಗೆ ಕಾಯುತ್ತಿದ್ದರು. ಹೆಬೆರ್ತೊನ ಕ್ಷೌರದಂಗಡಿಯಲ್ಲಿ ಆಟದ ದಿನ ಅವನ ಹೆಸರೆತ್ತುವುದೇ ನಿಂತಿತು. "ಉದ್ದ ಕಾರಿನವನು" ಎನ್ನುತ್ತಿದ್ದರು, ಇಲ್ಲವೆ ಸುಮ್ಮನೆ "ಅವನು". ನಾನು ತಮಾಷೆಗೆ ಅಂದಿದ್ದು ಎಂದು ಒವೆಲಿಯೊ ಎಲ್ಲರಿಗೂ ಹೇಳಿ ನೋಡಿದ. ಹೊಟ್ಟೆ ಹರಿದ ದಿಂಬಿನ ಹತ್ತಿಯಂತೆ ಮಾತು ಆಗಲೇ ಚೆಲ್ಲಾಪಿಲ್ಲಿಯಾಗಿತ್ತು.

ಊರು ನಂಬಿದ್ದು ಹಾಗಿರಲಿ, ನೇರಿಯೊನೇ ನಂಬಿಬಿಟ್ಟ. ತಂಡದ ಮೇಲೆ ಅಷ್ಟು ಪ್ರೀತಿಯಿದ್ದವನು ನಂಬದೆ ಹೇಗೆ ಇದ್ದಾನು? ತನ್ನಿಂದ ಕೆಡುಕಾಗುವ ಸಾಧ್ಯತೆ ಸಾಸಿವೆಯಷ್ಟಿದ್ದರೂ ದೂರವಿರುವುದೇ ಸರಿ ಎಂದುಕೊಂಡು ಕ್ರೀಡಾಂಗಣಕ್ಕೆ ಹೋಗುವುದನ್ನು ಬಿಟ್ಟ. ಮನೆಯಲ್ಲಿ ರೇಡಿಯೊ ಹಚ್ಚಿ ಕೂತ, ಸೋತರು. ರೇಡಿಯೊನೂ ಲೆಕ್ಕಕ್ಕೆ ಬರುತ್ತದೇನೋ ಎಂದು ಅದನ್ನೂ ಬಿಟ್ಟ. ಆಟ ನಡೆಯುವ ಹೊತ್ತಿಗೆ ಖಾಲಿ ಕಾರನ್ನು ಸರೋವರದ ದಂಡೆಯಲ್ಲಿ ಓಡಿಸುತ್ತಿದ್ದ. ಅಕ್ಕಪಕ್ಕದ ಕಾರುಗಳಿಂದ ಆಟದ ಸದ್ದು ತೂರಿಬಂದೀತು ಎಂದು ಗಾಜುಗಳನ್ನೆಲ್ಲ ಏರಿಸಿಕೊಳ್ಳುತ್ತಿದ್ದ, ಆ ಊರಿನ ಸೆಕೆಯಲ್ಲಿ, ಏಸಿಯಿಲ್ಲದ ಕಾರಿನಲ್ಲಿ. ಮನೆಗೆ ಮರಳುವಾಗ ನೀರಿನಿಂದೆದ್ದು ಬಂದವನ ಹಾಗಿರುತ್ತಿದ್ದ. ಗೆದ್ದರೋ ಸೋತರೋ ಮಾರನೆಯ ಬೆಳಿಗ್ಗೆ ಎಗ್ದಾಳಿಂದ ತಿಳಿಯುತ್ತಿತ್ತು. ಗೆದ್ದಿದ್ದರೆ "ನೋಡಿದ್ಯಾ, ನಾನು ದೂರ ಇದ್ದೆ" ಎನ್ನುವನು. ಸೋತಿದ್ದರೆ ಹಿಂದಿನ ದಿನ ತಾನು ಎಲ್ಲಿ ಜಾರಿದೆ, ಯಾರ ಬಾಯಿಂದ ಆಟದ ಮಾತು ಕೇಳಿದೆ ಎಂದು ಹುಡುಕಲು ಕೂರುವನು.

ಎಗ್ದಾ ಸೊಪ್ಪು ಹಾಕಿ ಕುದಿಸಿದ ನೀರಲ್ಲಿ ಅವನಿಗೆ ಸ್ನಾನ ಮಾಡಿಸಿದಳು. ನವೆಂಬರಿನ ಹಬ್ಬದಲ್ಲಿ ಊರಮಾತೆ ಚಿನೀತಾಳ ಮುಂದೆ ಮೇಣದಬತ್ತಿ ಹಚ್ಚಿದಳು. "ಬೇರೆ ಹೆಂಗಸರು ಗಂಡ ಕುಡಿಯೋದು ಬಿಡ್ಲಿ ಅಂತ ಹರಕೆ ಹೊರ್ತಾರೆ. ನಾನು ಗಂಡ ಆಟ ನೋಡ್ಲಿ ಅಂತ ಹೊರ್ತಿದೀನಿ. ಆ ತಾಯಿಗೆ ನನ್ನ ತಲೆ ಕೆಟ್ಟಿದೆ ಅಂತ ಅನ್ಸಿರ್ಬೇಕು," ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಹೀಗೆ ಹನ್ನೊಂದು ವರ್ಷ ನಡೆಯಿತು.

ಹನ್ನೊಂದನೆಯ ವರ್ಷ, ಫೈನಲ್‌ಗೆ ಯಾರು ಹೋಗಬೇಕೆಂದು ತೀರ್ಮಾನವಾಗುವ ಆಟ ಮರಕೈಬೊದಲ್ಲೇ ಬಿತ್ತು. ಎದುರಾಳಿ ರಾಜಧಾನಿಯ ತಂಡ. ಆ ನೀಲಿ ಅಂಗಿಯ ತಂಡಕ್ಕೆ ದೇಶದ ಎಲ್ಲ ಊರಿನಲ್ಲೂ ಜನವಿದ್ದಾರೆ. ಮರಕೈಬೊದಲ್ಲೂ ಇದ್ದಾರೆ, ಮೊದಲನೆಯ ಬೇಸಿನ ಬದಿಯ ಸಾಲುಗಳನ್ನೆಲ್ಲ ತುಂಬುವಷ್ಟು. ಆಟಕ್ಕೆ ಎರಡು ದಿನ ಮುಂಚೆ ಒವೆಲಿಯೊ ಮತ್ತು ಹೆಬೆರ್ತೊ ನೇರಿಯೊನನ್ನು ಕ್ಷೌರದಂಗಡಿಗೆ ಕರೆಸಿ, ಬಾಗಿಲು ಹಾಕಿ, ಕುರ್ಚಿಯಲ್ಲಿ ಕೂರಿಸಿದರು. ಹೆಬೆರ್ತೊ ಬಿಳಿ ಬಟ್ಟೆಯನ್ನು ಅವನ ಕತ್ತಿಗೆ ಕಟ್ಟಿದ.

"ನಂಗೆ ಕಟಿಂಗ್ ಬೇಡ," ಎಂದ ನೇರಿಯೊ.

"ಕಟಿಂಗ್ ಅಲ್ಲ. ನೀನು ಎದ್ದು ಓಡ್ಬಾರ್ದು ಅಂತ ಕಟ್ಟಿದ್ದು," ಎಂದ ಹೆಬೆರ್ತೊ.

ಒವೆಲಿಯೊ ಗಂಟಲು ಸರಿಮಾಡಿಕೊಂಡ. "ನೋಡು ಕೊಂಪಾದ್ರೆ. ನೀನು ಯಾರ ಕಡೆ ಕೂತು ಕೂಗ್ತೀಯೋ ಅವರು ಸೋಲ್ತಾರೆ. ಹೌದಾ ಅಲ್ವಾ?"

"ಗೊತ್ತಿರೋದನ್ನ ಹೇಳೋಕೆ ಬಾಗಿಲು ಯಾಕೆ ಹಾಕ್ದೆ?"

"ಹಾಗಿದ್ರೆ ಶನಿವಾರ ನೀನು ನೀಲಿಯವರ ಮಧ್ಯ ಹೋಗಿ ಕೂತ್ಕೋ. ಅವರ ಅಂಗಿ ಹಾಕ್ಕೊಂಡು, ಅವರಿಗೇ ಕೂಗು."

ನೇರಿಯೊನ ಮುಖ ಕೆಂಪೇರಿತು. ಕನ್ನಡಿಯಲ್ಲಿ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ನನ್ನನ್ನೇನು ಇಲಿ ಪಾಷಾಣ ಅಂದ್ಕೊಂಡಿದೀರಾ? ಯಾರ ಮನೇಲಿ ಬೇಕಾದ್ರೂ ಇಡೋಕೆ?"

"ಬೇಜಾರು ಮಾಡ್ಕೋಬೇಡ ಮಾರಾಯ. ಊರಿಗೋಸ್ಕರ."

ನೇರಿಯೊ ಕತ್ತಿಗೆ ಕಟ್ಟಿದ ಬಟ್ಟೆಯ ಗಂಟನ್ನು ಸಡಿಲಿಸಿಕೊಂಡ. ಆಮೇಲೆ ಕೇಳಿದ: "ನಿಜವಾಗ್ಲೂ ಕೂಗ್ಬೇಕಾ? ಸುಮ್ನೆ ಕೂತ್ರೆ ಸಾಲ್ದಾ?"

"ಸಾಲಲ್ಲ," ಎಂದ ಹೆಬೆರ್ತೊ, ವೈದ್ಯ ಔಷಧಿ ಹೇಳುವ ಗಾಂಭೀರ್ಯದಲ್ಲಿ. "ಪಾವಾ ಅಂಗಿ ನೋಡಲ್ಲ, ಮನಸ್ಸು ನೋಡುತ್ತೆ. ನೀನು ಮನಸಾರೆ ಅವರು ಗೆಲ್ಲಲಿ ಅಂತ ಅನ್ಕೋಬೇಕು. ಮೂರು ಗಂಟೆ. ಆಮೇಲೆ ಮತ್ತೆ ಮನುಷ್ಯನಾಗು."

ನೇರಿಯೊ ಒಪ್ಪಿಕೊಂಡ. ಊರಿಗೋಸ್ಕರ ಎಂದು ಗೆಳೆಯರು ತಿಳಿದರು. ನಿಜವಾದ ಕಾರಣ ಬೇರೆ: ಹೇಗಾದರೂ ಸರಿ, ಯಾವ ಅಂಗಿಯಲ್ಲಾದರೂ ಸರಿ, ಅವನಿಗೆ ಮತ್ತೊಮ್ಮೆ ಒಳಗೆ ಹೋಗಬೇಕಿತ್ತು.

ಎಗ್ದಾ ಮಾತ್ರ ಮರದ ಸೌಟನ್ನು ಹಿಡಿದುಕೊಂಡೇ ಅಡಿಗೆಮನೆಯಿಂದ ಹೊರಬಂದಳು. ಸಿಟ್ಟು ಬಂದಾಗ ಅವಳು ಗಂಡನನ್ನು ಮನೆತನದ ಹೆಸರಿನಿಂದ ಕರೆಯುತ್ತಿದ್ದಳು.

"ಬೊಸ್ಕಾನ್, ನಿಂಗೆ ಬುದ್ಧಿ ಇದೆಯಾ? ನಮ್ಮೋರು ಗೆದ್ರು ಅಂತ ಇಟ್ಕೋ. ಪಾವಾ ಇರೋದು ನಿಜ ಅಂತ ಊರಿಗೆಲ್ಲ ಖಾತ್ರಿ ಆಯ್ತು. ಸಾಯೋ ತನಕ ಪ್ರತಿ ವರ್ಷ ನಿಂಗೆ ಆ ನೀಲಿ ಅಂಗಿ ತೊಡಿಸಿ ಕಳಿಸ್ತಾರೆ. ನಮ್ಮೋರಿಗೆ ಇನ್ನು ಯಾವತ್ತೂ ನೀನು ಕೂಗೋ ಹಾಗಿಲ್ಲ. ಸೋತ್ರು ಅಂತ ಇಟ್ಕೋ. ಅಲ್ಲೂ ಇಲ್ಲ ಇಲ್ಲೂ ಇಲ್ಲ. ಹೇಗಾದ್ರೂ ನೀನೇ ಕೆಟ್ಟೆ."

"ಗೊತ್ತು," ಎಂದ ನೇರಿಯೊ.

"ಗೊತ್ತಿದ್ದೂ ಹೋಗ್ತೀಯಾ?"

"ಹುಲ್ಲಿನ ವಾಸನೆ ಆದ್ರೂ ಬರುತ್ತಲ್ಲ."

ಎಗ್ದಾ ಒಳಗೆ ಹೋದಳು. ಶನಿವಾರ ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಟ್ಟಳು. ಇಸ್ತ್ರಿ ಮಾಡುವಾಗ ಅದನ್ನು ಎರಡು ಬೆರಳಲ್ಲಿ ಮಾತ್ರ ಮುಟ್ಟಿದಳು.

ಮೊದಲನೆಯ ಬೇಸಿನ ಬದಿಯಲ್ಲಿ ನೇರಿಯೊನ ಪಕ್ಕಕ್ಕೆ ಸಿಕ್ಕಿದವಳು ದೋನ್ಯಾ ಔಕ್ಸಿಲಿಯಾ ಎಂಬ ಮುದುಕಿ. ತಲೆಯಿಂದ ಕಾಲಿನವರೆಗೆ ನೀಲಿ, ಕಿವಿಯ ಓಲೆಯೂ ನೀಲಿ. ಮಡಿಲಲ್ಲಿ ಗಟ್ಟಿ ಚರ್ಮದ ಕೈಚೀಲ. ನೇರಿಯೊ ಕೂರುತ್ತಲೇ ಅವಳು ಚೀಲದಿಂದ ಗಿಣ್ಣು ತುಂಬಿ ಕರಿದ ಸುರುಳಿಗಳನ್ನು ತೆಗೆದು ಕೈಗಿಟ್ಟಳು.

"ತಗೋ ಮಗ. ಹೊಸ ಅಂಗಿ, ಮಡಿಕೆ ಕೂಡ ಹೋಗಿಲ್ಲ. ಈಗ ತಾನೇ ಒಳ್ಳೆ ದಾರಿಗೆ ಬಂದ್ಯಾ?"

"ಹೌದು ದೋನ್ಯಾ. ಈಗ ತಾನೇ," ಎಂದ ನೇರಿಯೊ, ಅಮ್ಮಾವ್ರೇ ಎನ್ನುವ ಗೌರವದಲ್ಲಿ.

ಅವನು ಕೂಗಿದ. ಮೊದಮೊದಲು ಸ್ವರ ಬೇರೆಯವರ ಚಪ್ಪಲಿಯಲ್ಲಿ ನಡೆದಂತೆ ತಡವರಿಸಿತು. ಆಮೇಲೆ ಒಂದು ಉಪಾಯ ಹೊಳೆಯಿತು: ನೀಲಿಯವರ ಶಾರ್ಟ್‌ಸ್ಟಾಪ್ ನಿಜಕ್ಕೂ ಒಳ್ಳೆಯ ಆಟಗಾರ, ಕೈ ಬೆಣ್ಣೆಯ ಹಾಗೆ ಮೆತ್ತಗೆ. ಅವನೊಬ್ಬನಿಗಾಗಿ ಕೂಗಿದರೆ ಸುಳ್ಳಾಗುವುದಿಲ್ಲ. ಹಾಗೆ ಕೂಗುತ್ತ ಹೋದ. ಆದರೆ ಪಾವಾ ಕೆಲಸ ಮಾಡಲಿಲ್ಲ. ನಾಲ್ಕನೆಯ ಇನ್ನಿಂಗ್ಸಿಗೆ ನೀಲಿಯವರು ಒಂದು ರನ್ ಮುಂದಿದ್ದರು, ಆರನೆಯದಕ್ಕೆ ಎರಡು. ಆಗ ಕಡಲೆಕಾಯಿ ಮಾರುವವನೊಬ್ಬ ಸಾಲು ಸಾಲು ದಾಟಿ ಬಂದು ನೇರಿಯೊನ ಕಿವಿಯಲ್ಲಿ ಹೇಳಿದ:

"ಆ ಕಡೆ ಒಬ್ರು ದಪ್ಪನೆಯವರು ಕೂತಿದಾರಲ್ಲ, ಅವರು ಹೇಳಿ ಕಳಿಸಿದ್ರು. ಕಳ್ಳಾಟ ಬೇಡ, ಮನಸ್ಸಿಟ್ಟು ಕೂಗ್ಬೇಕಂತೆ."

"ಮನಸ್ಸಿಟ್ಟೇ ಕೂಗ್ತಿದೀನಿ ಅಂತ ಹೇಳು."

"ನಾನು ಕಡಲೆಕಾಯಿ ಮಾರೋನು ಸ್ವಾಮಿ, ಟಪಾಲಿನವನಲ್ಲ."

ಏಳನೆಯ ಇನ್ನಿಂಗ್ಸಿನಲ್ಲಿ ಊರಿನ ತಂಡ ಒಂದು ರನ್ ತೆಗೆದು ಮೂರಕ್ಕೆ ಎರಡು ಮಾಡಿತು. ಎಂಟನೆಯ ಇನ್ನಿಂಗ್ಸಿನ ಮೊದಲರ್ಧ. ಬ್ಯಾಟು ನೀಲಿಯವರ ಕೈಯಲ್ಲಿ. ಇಬ್ಬರು ಔಟಾಗಿದ್ದರು, ಇನ್ನಿಬ್ಬರು ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ಕಾಲು ಕೆರೆಯುತ್ತ ನಿಂತಿದ್ದರು. ಒಂದು ಚೆಂಡು ನುಸುಳಿದರೆ ಇಬ್ಬರೂ ಮನೆ ಎನ್ನುವ ಕೊನೆಯ ಬೇಸು ಮುಟ್ಟಿ ಎರಡು ರನ್ ತರುತ್ತಾರೆ, ಆಟ ಮುಗಿದ ಹಾಗೆಯೇ. ದೋನ್ಯಾ ಔಕ್ಸಿಲಿಯಾ ನೇರಿಯೊನ ಮಣಿಕಟ್ಟು ಹಿಡಿದುಕೊಂಡಿದ್ದಳು.

ಚೆಂಡು ಹೊಡೆದ ಸದ್ದು ಕೇಳಿತು. ಅದು ಮೂರನೆಯ ಬೇಸಿಗೂ ಶಾರ್ಟ್‌ಸ್ಟಾಪಿಗೂ ನಡುವಿನ ಖಾಲಿ ಜಾಗಕ್ಕೆ ನೆಲ ಸವರಿಕೊಂಡು ಹೋಯಿತು. ಊರಿನ ತಂಡದ ಶಾರ್ಟ್‌ಸ್ಟಾಪ್ ಆ ವರ್ಷವೇ ಬಂದ ಹೊಸಬ. ಅವನು ಬಲಕ್ಕೆ ಓಡಿದ, ಅಡ್ಡ ಬಿದ್ದ, ಎಡಗೈ ಚಾಚಿದ. ಧೂಳೆದ್ದಿತು. ಧೂಳಿನೊಳಗಿಂದ, ಮಂಡಿಯೂರಿದ ಅವನ ಕೈಯಿಂದ, ಚೆಂಡು ಹೊರಬಂತು.

ಬದುಕಿನುದ್ದಕ್ಕೂ ನೇರಿಯೊ ಆ ಎಸೆತವನ್ನು ಹಿಂದಿನಿಂದ ನೋಡಿದ್ದ. ತನ್ನನ್ನು ಬಿಟ್ಟು ದೂರ ಹೋಗುವುದನ್ನು ನೋಡಿದ್ದ. ಈ ಬದಿಯಲ್ಲಿ ಅವನು ಕೂತದ್ದು ಅದೇ ಮೊದಲು. ಚೆಂಡು ಈಗ ನೇರ ಅವನತ್ತಲೇ ಬರುತ್ತಿತ್ತು. ಇಡೀ ಮೈದಾನ ದಾಟಿ, ಒಂದಿಷ್ಟೂ ಬಾಗದೆ, ದೊಡ್ಡದಾಗುತ್ತ ದೊಡ್ಡದಾಗುತ್ತ, ಅವನಿಗೇ ಎಸೆದ ಹಾಗೆ ಬಂದು ಮೊದಲನೆಯ ಬೇಸಿನ ಕೈಗವಸಿಗೆ ಪಟ್ಟನೆ ಬಿತ್ತು. ಓಡಿ ಬಂದವನ ಕಾಲು ಆಮೇಲೆ ಬೇಸು ಮುಟ್ಟಿತು. ಔಟ್.

ನೇರಿಯೊ ಎದ್ದು ನಿಂತಿದ್ದ. ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದ: "ನನ್ನ ಮಗನೇ! ನನ್ನಪ್ಪಾ! ನನ್ನ ಚಿನ್ನಾ!"

ಸುತ್ತಲಿನ ಸಾಲುಗಳೆಲ್ಲ ಅವನತ್ತ ತಿರುಗಿದವು. ನೀಲಿ ಅಂಗಿಯ ಮನುಷ್ಯನೊಬ್ಬ ನೀಲಿಯವರ ನಡುವೆ ನಿಂತು ನೀಲಿಯವರು ಕೆಟ್ಟದ್ದಕ್ಕೆ ಕಣ್ಣೀರು ಸುರಿಸಿಕೊಂಡು ನಗುತ್ತಿದ್ದ. ದೋನ್ಯಾ ಔಕ್ಸಿಲಿಯಾ ಕೈಚೀಲವನ್ನು ಎತ್ತಿ ಅವನ ಬೆನ್ನಿಗೆ ಬಾರಿಸಿದಳು.

"ದ್ರೋಹಿ! ನನ್ನ ಸುರುಳಿ ತಿಂದು ಅವರಿಗೆ ಕೂಗ್ತೀಯಾ?"

"ತಪ್ಪಾಯ್ತು ದೋನ್ಯಾ. ಆದ್ರೆ ನೀವೂ ನೋಡಿದ್ರಲ್ಲ ಅದನ್ನ? ನೋಡಿದ್ರಲ್ಲ?"

"ನೋಡಿದೆ," ಎಂದು ಮುದುಕಿ ಮತ್ತೊಂದು ಬಾರಿಸಿದಳು. "ಅದಕ್ಕೇ ಹೊಡೀತಿರೋದು!"

ನೇರಿಯೊ ನೀಲಿ ಅಂಗಿಯ ಗುಂಡಿ ಬಿಚ್ಚಿದ. ಅದನ್ನು ಅಚ್ಚುಕಟ್ಟಾಗಿ ಮಡಿಸಿ ಅವಳ ಮಡಿಲಲ್ಲಿಟ್ಟು, ಬನಿಯನ್ನಿನಲ್ಲೇ ಕೂತ. ಅಲ್ಲಿಂದ ಮುಂದೆ ಅವನು ಮುಚ್ಚುಮರೆಯಿಲ್ಲದೆ ತನ್ನ ತಂಡಕ್ಕೆ ಕೂಗಿದ, ಹನ್ನೊಂದು ವರ್ಷದ್ದನ್ನೆಲ್ಲ ಸೇರಿಸಿ ಕೂಗಿದ. ಆಚೆ ಬದಿಯಲ್ಲಿ ಒವೆಲಿಯೊ ಆ ಬಿಳಿ ಬನಿಯನ್ನನ್ನು ಕಂಡು ತಲೆಯ ಮೇಲೆ ಕೈ ಹೊತ್ತುಕೊಂಡ. "ಮುಗೀತು. ಕೋಳಿ ನಮ್ಮ ಕಡೆ ತಿರುಗ್ತು," ಎಂದ. ಹೆಬೆರ್ತೊ ಕಣ್ಣು ಮುಚ್ಚಿಕೊಂಡ.

ಎಂಟನೆಯ ಇನ್ನಿಂಗ್ಸಿನ ದ್ವಿತೀಯಾರ್ಧದಲ್ಲಿ ಊರಿನ ತಂಡದವನೊಬ್ಬ ಮೂರನೆಯ ಬೇಸಿಗೆ ಬಂದು ನಿಂತ. ಬ್ಯಾಟು ಹಿಡಿದವನು ಬೀಸಲಿಲ್ಲ. ಅಡ್ಡ ಹಿಡಿದು ಚೆಂಡನ್ನು ಹುಲ್ಲಿನ ಮೇಲೆ ಉರುಳಿಸಿಬಿಟ್ಟ. ಚೆಂಡೆಸೆದ ನೀಲಿಯವರ ಪಿಚರ್, ನೀನು ಎತ್ತು ಎಂದು ಇನ್ನೊಬ್ಬನನ್ನು ನೋಡಿದ, ಅವನು ಇವನನ್ನು ನೋಡಿದ. ಅಷ್ಟರಲ್ಲಿ ರನ್ ಬಂದಿತ್ತು. ಮೂರಕ್ಕೆ ಮೂರು. ಒಂಬತ್ತನೆಯದರಲ್ಲಿ ನೀಲಿಯವರಿಗೆ ಏನೂ ದಕ್ಕಲಿಲ್ಲ. ಕೊನೆಗೆ ಊರಿನವನೊಬ್ಬ ಹೊಡೆದ ಚೆಂಡು ಆ ಬೆಣ್ಣೆಗೈಯವನ ಬೆರಳ ತುದಿ ಸವರಿ ಆಚೆ ಹೋಯಿತು. ಎರಡನೆಯ ಬೇಸಿನಿಂದ ಓಡಿದವನು ಮನೆ ಮುಟ್ಟಿದ. ನಾಲ್ಕಕ್ಕೆ ಮೂರು.

ಕ್ರೀಡಾಂಗಣ ಕಿತ್ತುಹೋಗುವಂತೆ ಕುಣಿಯಿತು. ನೇರಿಯೊ ಕುಣಿಯಲಿಲ್ಲ. ಎರಡು ಅಂಗೈಯಲ್ಲೂ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಅವನು ಒಳಗಿದ್ದ, ತನ್ನ ತಂಡಕ್ಕೇ ಕೂಗಿದ್ದ, ಎಲ್ಲರ ಕಣ್ಣೆದುರೇ ಕೂಗಿದ್ದ. ಆದರೂ ಅವರು ಗೆದ್ದಿದ್ದರು. ಹೊತ್ತುಕೊಂಡಿದ್ದೇನೆ ಎಂಬುದನ್ನೂ ಮರೆತಿದ್ದ ಭಾರವೊಂದು ಭುಜದಿಂದ ಇಳಿದಾಗ ಮೈ ಹೇಗೆ ಓಲಾಡುತ್ತದೋ ಹಾಗೆ ಅವನ ಮೈ ಓಲಾಡುತ್ತಿತ್ತು. ದೋನ್ಯಾ ಔಕ್ಸಿಲಿಯಾ ಸಿಟ್ಟಿನಲ್ಲೇ ಕೈವಸ್ತ್ರ ಕೊಟ್ಟು, "ಒರೆಸ್ಕೋ. ಗೆದ್ದೋರು ಅಳಬಾರ್ದು, ಅದು ನಮ್ಮ ಕೆಲಸ," ಎಂದಳು.

ಜನರನ್ನು ನೂಕಿಕೊಂಡು ಒವೆಲಿಯೊ ಆ ಬದಿಗೆ ಬಂದ. ಎದುರು ನಿಂತು ಏದುಸಿರು ಬಿಟ್ಟ. ಆಟದ ದಿನ ಅಷ್ಟು ವರ್ಷ ಯಾರೂ ಆಡದ ಮಾತೊಂದನ್ನು ಗಟ್ಟಿಯಾಗಿ ಆಡಿದ:

"ನೇರಿಯೊ. ಲೋ ನೇರಿಯೊ ಬೊಸ್ಕಾನ್. ಏಳೋ, ಮನೆಗೆ ಹೋಗೋಣ."

ಸೋಮವಾರ ಕ್ಷೌರದಂಗಡಿಯಲ್ಲಿ ತರ್ಕ ನಡೆಯಿತು. ಹೆಬೆರ್ತೊ ಅಷ್ಟು ಸುಲಭವಾಗಿ ಶಾಸ್ತ್ರ ಬಿಡುವವನಲ್ಲ. ಏಳು ಇನ್ನಿಂಗ್ಸ್ ನೀಲಿಯವರಿಗೆ ಕೂಗಿದ್ದರ ವಿಷ ಅವರಿಗೆ ನಿಧಾನವಾಗಿ ಏರಿತು, ಗೆಲುವು ಅದರಿಂದಲೇ ಬಂದದ್ದು ಎಂದು ವಾದಿಸಿದ. ಗಂಡನಿಗೆ ಊಟದ ಡಬ್ಬಿ ತಂದಿದ್ದ ಎಗ್ದಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಹಾಗಾದ್ರೆ ನಿಮ್ಮ ಪಾವಾ ನಮ್ಮೂರಿನ ಬಸ್ಸಿಗಿಂತ ತಡ ಅನ್ನು ಹೆಬೆರ್ತೊ. ಹನ್ನೊಂದು ವರ್ಷ ನನ್ನ ಗಂಡ ಬಾಗಿಲು ದಾಟೋದ್ರೊಳಗೇ ಕೂರ್ತಿತ್ತು, ಶನಿವಾರ ಮಾತ್ರ ಅದಕ್ಕೆ ಗಾಡಿ ಸಿಗ್ಲಿಲ್ವಾ? ಇನ್ನೊಂದ್ಸಲ ಆ ಮಾತು ಆಡು, ನಿನ್ನ ಕತ್ತರೀನೇ ನಿನ್ನ ಮೀಸೆಗೆ ಹಾಕ್ತೀನಿ."

ಅಲ್ಲಿಗೆ ಶಾಸ್ತ್ರ ನಿಂತಿತು. ಆದರೂ ನೇರಿಯೊನಿಗೆ ಪೂರ್ತಿ ಬಿಡುಗಡೆಯಾದದ್ದು ಗೆಲುವಿನ ದಿನವಲ್ಲ, ಅದರ ಮುಂದಿನ ವರ್ಷ, ಒಂದು ಸಾಧಾರಣ ಬುಧವಾರ. ಅವನು ಮೂರನೆಯ ಬೇಸಿನ ಬದಿಗೆ ಮರಳಿದ್ದ. ಆ ದಿನ ತಂಡ ಹೀನಾಯವಾಗಿ ಸೋತಿತು. ಕೊನೆಯ ಔಟಾದ ಮೇಲೆ ನೇರಿಯೊ ಅಲ್ಲಾಡದೆ ಕೂತ, ತೀರ್ಪಿಗೆ ಕಾಯುವವನ ಹಾಗೆ. ಒವೆಲಿಯೊ ಸಿಪ್ಪೆ ಉಗಿದು, "ಆ ಪಿಚರ್ ಕತ್ತೆ ನನ್ಮಗ," ಎಂದ. ಹಿಂದಿನ ಸಾಲಿನವನು, "ಪಿಚರ್ ಅಲ್ಲಣ್ಣ, ಅವನನ್ನ ಇಳಿಸದೆ ಬಿಟ್ನಲ್ಲ, ಆ ಮ್ಯಾನೇಜರ್ ಕತ್ತೆ," ಎಂದ. ಇಬ್ಬರಿಗೂ ಜಗಳವೇ ಹತ್ತಿತು. ಯಾರೂ ನೇರಿಯೊನನ್ನು ನೋಡಲಿಲ್ಲ. ಯಾರೂ ಮರ ಮುಟ್ಟಲಿಲ್ಲ. ಸೋಲು ಬೇರೆಯವರದಾಗಿತ್ತು, ಪಿಚರ್‌ನದೋ ಮ್ಯಾನೇಜರ್‌ನದೋ, ಅವರವರ ಇಷ್ಟ. ಮನೆಗೆ ಬಂದು ಎಗ್ದಾಳಿಗೆ, "ಸೋತ್ರು ಕಣೇ! ಹತ್ತಕ್ಕೆ ಎರಡು!" ಎಂದು ಹೇಳಿದ ಅವನ ಮುಖ ನೋಡಿ ಅವಳು ಗೆದ್ದರೆಂದೇ ತಿಳಿದಳು.

ಆಮೇಲೆ ಅವನಿಗೆ ಒಳ್ಳೆಯ ವರ್ಷಗಳು ಸಿಕ್ಕವು. ತಂಡ ಗೆದ್ದಿತು, ಸೋತಿತು, ಹೆಚ್ಚಾಗಿ ಸೋತಿತು. ಅವನು ಪಿಚರ್‌ಗಳನ್ನು ಬಯ್ದ, ಅಂಪೈರ್‌ಗಳನ್ನು ಬಯ್ದ, ಗೋಡೆ ದಾಟಿದ ಚೆಂಡುಗಳಿಗೆ ಬೆನ್ನು ತಿರುಗಿಸಿದ. ದೋನ್ಯಾ ಔಕ್ಸಿಲಿಯಾ ಬದುಕಿರುವ ತನಕ ನೀಲಿಯವರು ಬಂದಾಗಲೆಲ್ಲ ಮೊದಲನೆಯ ಬೇಸಿನ ಬದಿಗೆ ಹೋಗಿ ಅವಳಿಗೆ ನಮಸ್ಕಾರ ಹೇಳಿ ಬಯ್ಯಿಸಿಕೊಂಡು ಬರುತ್ತಿದ್ದ. ಕಾರಿನ ಗಾಜುಗಳು ಯಾವಾಗಲೂ ಇಳಿದಿರುತ್ತಿದ್ದವು. ಪಾವೋಸೊ ಎಂಬ ಪದವನ್ನು ಮಾತ್ರ ಗೆಳೆಯರು ಅವನೆದುರು ಆಡುತ್ತಿರಲಿಲ್ಲ. ಅವನೂ ಆಡುತ್ತಿರಲಿಲ್ಲ.

ಆ ಜನವರಿಯ ಭಾನುವಾರದ ಆಟದಲ್ಲಿ ಆರನೆಯ ಇನ್ನಿಂಗ್ಸಿನವರೆಗೆ ತಂಡ ಮುಂದಿತ್ತು. ಆಮೇಲೆ ಗೋಡೆ ಕುಸಿದ ಹಾಗೆ ಕುಸಿಯಿತು. ಒಂಬತ್ತನೆಯದರಲ್ಲಿ ಕೊನೆಯವನೂ ಔಟಾದ. ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪ ಮೀಸೆಯ ಅಪರಿಚಿತನೊಬ್ಬ ಟೋಪಿಯನ್ನು ಕಾಲ ಕೆಳಗೆ ಎಸೆದು, ಎದ್ದು ಹಿಂದಕ್ಕೆ ತಿರುಗಿ, ಸಾಲುಗಳನ್ನೆಲ್ಲ ದುರುಗುಟ್ಟಿ ನೋಡಿ ಕಿರುಚಿದ:

"ಇಲ್ಲಿ ಯಾವನೋ ಪಾವೋಸೊ ಬಂದು ಕೂತಿದಾನೆ! ಯಾರಯ್ಯಾ ಅದು? ಯಾರು ಅಂತ ಹೇಳ್ರೋ!"

ಒವೆಲಿಯೊನ ಮುಖ ಕಪ್ಪಿಟ್ಟಿತು. ಮುಷ್ಟಿ ಕಟ್ಟಿ ಏಳಹೊರಟ. ನೇರಿಯೊ ಅವನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದ. ಇನ್ನೊಂದು ಕೈಯನ್ನು, ತರಗತಿಯಲ್ಲಿ ಹಾಜರಿ ಹೇಳುವ ಹುಡುಗನ ಹಾಗೆ, ಉದ್ದಕ್ಕೆ ಮೇಲೆತ್ತಿದ.

"ನಾನೇ ಕಣಪ್ಪ," ಎಂದ, ನಗುತ್ತ.